ಗೇರ್ ಬೀಳದಿದ್ದರೆ ತಪ್ಪು ಗೇರಿನದೇ?

ಮಣ್ಣಿನ ದಿಬ್ಬ ಹತ್ತಿ ಗಾಳಿಗೆ ಹಾರುವ ಹೊತ್ತಿನಲ್ಲಿ ಮೋಟೊಕ್ರಾಸ್ ಬೈಕಿನ ಹಿಂದಿನ ಚಕ್ರಕ್ಕೆ ಇಂಜಿನ್ನಿನ ಬಲ ಸಿಗುತ್ತಲೇ ಇರಬೇಕು. ಆ ಬಲವೇ ಬೈಕಿನ ಮೂತಿಯನ್ನು ಮೇಲೆತ್ತಿ ಹಿಡಿಯುವುದು. ಸರಿಯಾಗಿ ಆಗಲೇ ಮೂರನೇ ಗೇರ್ ಕಳಚಿಕೊಂಡರೆ ಇಂಜಿನ್ ಕಿರುಚುತ್ತದೆ, ಚಕ್ರದ ಬಲ ಸತ್ತುಹೋಗುತ್ತದೆ, ಮೂತಿ ನೆಲದ ಕಡೆ ವಾಲುತ್ತದೆ. ರಸ್ತೆಯ ಬೈಕಿನಲ್ಲಿ ಗೇರ್ ಹಾರಿದರೆ ಕಿರಿಕಿರಿ ಅಷ್ಟೆ. ಮೋಟೊಕ್ರಾಸ್‌ನಲ್ಲಿ ಅದೇ ತೊಂದರೆ ಸವಾರನ ಮೂಳೆ ಮುರಿಯಬಲ್ಲದು.

ಐವತ್ತು ವರ್ಷ ದಾಟಿದ ಮೋಟೊಕ್ರಾಸ್ ಬೈಕುಗಳು ಅಮೆರಿಕ, ಬ್ರಿಟನ್, ಯುರೋಪುಗಳಲ್ಲಿ ಇವತ್ತಿಗೂ ಓಡುತ್ತಿವೆ. ಬ್ರಿಟನ್ನಿನಲ್ಲಿ 1965ಕ್ಕಿಂತ ಹಿಂದಿನ ಬೈಕುಗಳಿಗೆಂದೇ ಪ್ರತ್ಯೇಕ ಓಟಗಳಿವೆ. ಅಮೆರಿಕದ ವಿಂಟೇಜ್ ಓಟಗಳಲ್ಲಿ ಹೆಚ್ಚಾಗಿ 1974ರವರೆಗಿನ, ಮೋಟು ಸಸ್ಪೆನ್ಷನ್ನಿನ ಬೈಕುಗಳಿಗೆ ಪ್ರವೇಶ. ಇವುಗಳ ಒಡೆಯರು ಸೇರಿದ ಕಡೆ ಪದೇಪದೇ ಕೇಳಿಬರುವ ದೂರು ಒಂದೇ: ಗೇರ್ ಸರಿಯಾಗಿ ಬೀಳುತ್ತಿಲ್ಲ. ದೂರಿನ ಬೆನ್ನಿಗೇ ಬರುವ ತೀರ್ಮಾನವೂ ಒಂದೇ: ಇಂಜಿನ್ ಇಳಿಸಿ ಬಿಚ್ಚಬೇಕು. ನನ್ನ ತಕರಾರು ಇರುವುದು ಈ ಅವಸರದ ತೀರ್ಮಾನದ ಬಗ್ಗೆ. ಗೇರ್ ಬೀಳದಿರುವುದಕ್ಕೆ ಕಾರಣ ಬಹಳ ಸಲ ಗೇರುಗಳಾಚೆಗೇ ಇರುತ್ತದೆ. ಹೊರಗಿನಿಂದ ಒಳಗೆ, ಸುಲಭದಿಂದ ಕಷ್ಟಕ್ಕೆ, ಒಂದೊಂದೇ ಹೆಜ್ಜೆ ಇಡುತ್ತ ಹೋದರೆ ಕೇಸಿಂಗ್ ಬಿಚ್ಚದೆಯೇ ಅರ್ಧಕ್ಕರ್ಧ ತೊಂದರೆಗಳು ಬಗೆಹರಿಯುತ್ತವೆ.

ಯಾವ ಕಾಲದ ಬೈಕುಗಳಿವು?

ಮಣ್ಣಿನಲ್ಲಿ ಬೈಕ್ ಓಡಿಸುವ ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಕ್ಯಾಂಬರ್ಲಿಯಲ್ಲಿ ನಡೆದ ‘ಸ್ಕ್ರ್ಯಾಂಬಲ್’ ಓಟವನ್ನು ಇದರ ಮೊದಲೆಂದು ಎಣಿಸುತ್ತಾರೆ. 500 ಸಿಸಿ ವರ್ಗದ ವಿಶ್ವ ಚಾಂಪಿಯನ್‌ಷಿಪ್ 1957ರಲ್ಲಿ, 250 ಸಿಸಿ ವರ್ಗದ್ದು 1962ರಲ್ಲಿ ಶುರುವಾದವು. ಮೊದಮೊದಲು ಭಾರದ ಫೋರ್ ಸ್ಟ್ರೋಕ್ ಇಂಜಿನ್ನುಗಳದೇ ರಾಜ್ಯಭಾರ. 1964 ಮತ್ತು 1965ರಲ್ಲಿ ಬ್ರಿಟನ್ನಿನ ಜೆಫ್ ಸ್ಮಿತ್ ಬಿಎಸ್‌ಎ ಬೈಕಿನಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆದರು. ಅಷ್ಟರಲ್ಲೇ ಗಾಳಿ ತಿರುಗಿತ್ತು. ಜೆಕೊಸ್ಲೊವಾಕಿಯಾದ ಸ್ಟ್ರಾಕೊನಿತ್ಸೆ ಊರಿನ ಸೀಜೆಡ್ ಕಾರ್ಖಾನೆಯ ಹಗುರ ಟೂ ಸ್ಟ್ರೋಕ್ ಬೈಕುಗಳು ಮುಂದೆ ಬಂದವು. ಬೆಲ್ಜಿಯಂನ ಜೋಯಲ್ ರೊಬೇರ್ 1964, 1968 ಮತ್ತು 1969ರಲ್ಲಿ 250 ಸಿಸಿ ಪಟ್ಟವನ್ನು ಗೆದ್ದದ್ದು ಸೀಜೆಡ್ ಮೇಲೆಯೇ. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದದ್ದೂ ಸೀಜೆಡ್ ಮೇಲೆ.

ಆಮೇಲೆ ಜಪಾನಿನವರು ಬಂದರು. 1968ರಲ್ಲಿ ಬಂದ ಯಮಾಹಾ ಡಿಟಿ-1 ಸಾಮಾನ್ಯ ಸವಾರನ ಕೈಗೂ ಮಣ್ಣಿನ ಬೈಕನ್ನು ಕೊಟ್ಟಿತು. 1973ರಲ್ಲಿ ಹೊಂಡಾ ಕಂಪನಿ 250 ಸಿಸಿಯ ಎಲ್ಸಿನೋರ್ ಬೈಕನ್ನು ತಂದಿತು. ಕ್ಯಾಲಿಫೋರ್ನಿಯಾದ ಎಲ್ಸಿನೋರ್ ಕೆರೆಯ ಬಳಿ ನಡೆಯುತ್ತಿದ್ದ ಓಟದ ಹೆಸರು ಹೊತ್ತ ಈ ಬೈಕಿಗೆ ಐದು ಗೇರು. ಅದೇ ವರ್ಷ ಗ್ಯಾರಿ ಜೋನ್ಸ್ ಅದರ ಮೇಲೆ ಅಮೆರಿಕದ ರಾಷ್ಟ್ರೀಯ ಪಟ್ಟವನ್ನೂ ಗೆದ್ದರು.

ಟೂ ಸ್ಟ್ರೋಕ್ ಓಟದ ಇಂಜಿನ್ನಿನ ಶಕ್ತಿ ಸಿಗುವುದು ಬಹಳ ಕಿರಿದಾದ ವೇಗದ ಹರವಿನಲ್ಲಿ. ಅದರ ಕೆಳಗಿಳಿದರೆ ಇಂಜಿನ್ ಉಸಿರುಗಟ್ಟಿದ ಹಾಗೆ, ಮೇಲೆ ಹೋದರೆ ಬರಿಯ ಸದ್ದು. ಹಾಗಾಗಿ ಸವಾರ ಮತ್ತೆ ಮತ್ತೆ ಗೇರ್ ಬದಲಿಸಲೇಬೇಕು, ಎಷ್ಟೋ ಸಲ ಕ್ಲಚ್ ಹಿಡಿಯದೆಯೇ ಒದೆಯಬೇಕು. ಅದರ ಮೇಲೆ ಕೆಸರು, ಬೀಳುವುದು, ಭಾರದ ಬೂಟು. ಇಷ್ಟೆಲ್ಲ ಏಟು ತಿಂದು, ಅನಂತರ ಶೆಡ್ಡಿನ ಮೂಲೆಯಲ್ಲಿ ಹತ್ತಾರು ವರ್ಷ ಮಲಗಿದ ಗೇರ್‌ಬಾಕ್ಸನ್ನು ಈಗ ನಾವು ಎಬ್ಬಿಸುತ್ತಿದ್ದೇವೆ.

ಒಳಗೆ ನಡೆಯುವುದೇನು?

ದೋಷ ಹುಡುಕುವ ಮುನ್ನ ಕೆಲಸ ನಡೆಯುವ ಬಗೆ ತಿಳಿದಿರಬೇಕು. ಗೇರ್‌ಬಾಕ್ಸಿನಲ್ಲಿ ಎರಡು ಶಾಫ್ಟುಗಳು. ಒಂದಕ್ಕೆ ಕ್ಲಚ್ಚಿನಿಂದ ಬಲ ಬರುತ್ತದೆ, ಇನ್ನೊಂದು ಆ ಬಲವನ್ನು ಚೈನಿನ ಕಡೆಗೆ ಸಾಗಿಸುತ್ತದೆ. ಎರಡರ ಮೇಲೂ ಗೇರುಗಳು ಜೋಡಿಜೋಡಿಯಾಗಿ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಅಂದರೆ ಗೇರ್ ಬದಲಿಸುವಾಗ ಹಲ್ಲಿಗೆ ಹಲ್ಲು ಹೊಸದಾಗಿ ಸೇರುವುದಿಲ್ಲ. ಪ್ರತಿ ಜೋಡಿಯಲ್ಲಿ ಒಂದು ಗೇರ್ ತನ್ನ ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುತ್ತದೆ. ಪಕ್ಕದ ಗೇರ್ ಸರಿದು ಬಂದು ತನ್ನ ಬದಿಯ ದಪ್ಪ ಗುಬುಟುಗಳನ್ನು ಅದರ ಗೂಡುಗಳಿಗೆ ಸೇರಿಸಿದಾಗ ಮಾತ್ರ ಆ ಜೋಡಿ ಬಲ ಸಾಗಿಸುತ್ತದೆ. ಈ ಗುಬುಟುಗಳನ್ನೇ ಮೆಕ್ಯಾನಿಕ್ಕುಗಳು ‘ಡಾಗ್’ ಎನ್ನುವುದು.

ಗೇರನ್ನು ಪಕ್ಕಕ್ಕೆ ಸರಿಸುವುದು ಫೋರ್ಕ್. ಫೋರ್ಕಿನ ಗೂಟ ಒಂದು ಉರುಳೆಯ ಮೇಲೆ ಕೊರೆದ ವಕ್ರ ತೋಡಿನೊಳಗೆ ಕೂತಿರುತ್ತದೆ. ಆ ಉರುಳೆಯೇ ಗೇರ್ ಡ್ರಮ್. ಡ್ರಮ್ ತಿರುಗಿದಂತೆ ತೋಡಿನ ತಿರುವು ಗೂಟವನ್ನು ಎಡಬಲಕ್ಕೆ ನೂಕುತ್ತದೆ, ಫೋರ್ಕ್ ಸರಿಯುತ್ತದೆ. ಡ್ರಮ್ಮನ್ನು ಒಂದು ಸಲಕ್ಕೆ ಒಂದೇ ಹೆಜ್ಜೆ ತಿರುಗಿಸಲು ಗೇರ್ ಶಾಫ್ಟಿನ ತುದಿಯಲ್ಲಿ ಕೊಕ್ಕೆಯಂಥ ಭಾಗವಿದೆ. ತಿರುಗಿದ ಡ್ರಮ್ ಅಲ್ಲೇ ನಿಲ್ಲಲೆಂದು ನಕ್ಷತ್ರದಾಕಾರದ ಬಿಲ್ಲೆಯೂ ಅದರ ಕಚ್ಚಿನಲ್ಲಿ ಕೂರುವ ಸ್ಪ್ರಿಂಗ್ ರೋಲರೂ ಇವೆ. ಒದ್ದ ಲಿವರ್ ಮರಳಿ ನಡುಮಟ್ಟಕ್ಕೆ ಬರಲು ಇನ್ನೊಂದು ಸ್ಪ್ರಿಂಗ್.

ಹೀಗೆ ಬೂಟಿನಿಂದ ಡಾಗ್‌ವರೆಗೆ ಒಂದು ಸರಪಳಿ ಇದೆ: ಲಿವರ್, ಶಾಫ್ಟ್, ಕೊಕ್ಕೆ, ಡ್ರಮ್, ಫೋರ್ಕ್, ಕೊನೆಗೆ ಗೇರ್. ಇದರ ಪಕ್ಕದಲ್ಲಿ ಕ್ಲಚ್ಚಿನದು ಇನ್ನೊಂದು ಸರಪಳಿ. ಯಾವ ಕೊಂಡಿ ಸಡಿಲವಾದರೂ ಸವಾರನಿಗೆ ತಿಳಿಯುವುದು ಒಂದೇ ಮಾತು, ಗೇರ್ ಬೀಳುತ್ತಿಲ್ಲ ಎಂದು. ಯಾವ ಕೊಂಡಿ ಎಂಬುದನ್ನು ಕಂಡುಹಿಡಿಯುವುದೇ ವಿದ್ಯೆ.

ಮೊದಲು ಲಕ್ಷಣ ಓದಿ

ಬೈಕನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಎತ್ತಿ. ಇಂಜಿನ್ ನಿಲ್ಲಿಸಿಯೇ ಒಂದು ಕೈಯಲ್ಲಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಇನ್ನೊಂದು ಕೈಯಿಂದ ಲಿವರ್ ಒತ್ತುತ್ತ ಎಲ್ಲ ಗೇರುಗಳನ್ನೂ ಏರಿ ಇಳಿಯಿರಿ. ಚಕ್ರ ತಿರುಗಿಸದೆ ಗೇರ್ ಬೀಳದಿದ್ದರೆ ಗಾಬರಿಯಾಗಬೇಡಿ. ಡಾಗ್‌ಗಳು ಗೂಡಿಗೆ ಎದುರಾಗದೆ ಮುಖಕ್ಕೆ ಮುಖ ತಾಗಿ ನಿಂತರೆ ಹಾಗಾಗುತ್ತದೆ, ಅದು ದೋಷವಲ್ಲ.

ಇಂಜಿನ್ ನಿಂತಾಗ ಎಲ್ಲ ಗೇರೂ ನುಣ್ಣಗೆ ಬಿದ್ದು, ಇಂಜಿನ್ ಓಡುವಾಗ ಮಾತ್ರ ಕಟಕಟ ಎಂದು ತಕರಾರು ಮಾಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಲಿವರ್ ಒತ್ತಿದ ಮೇಲೆ ನಡುಮಟ್ಟಕ್ಕೆ ಮರಳದಿದ್ದರೆ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಶಾಫ್ಟ್ ಬಾಗಿ ಕೇಸಿಂಗಿಗೆ ಉಜ್ಜುತ್ತಿದೆ. ಲಿವರ್ ಆಡುತ್ತದೆ, ಮರಳುತ್ತದೆ, ಆದರೆ ಗೇರ್ ಮಾತ್ರ ಬದಲಾಗುವುದಿಲ್ಲ ಎಂದಾದರೆ ಕೊಕ್ಕೆ ಸವೆದಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ. ಎಲ್ಲ ಗೇರೂ ಬಿದ್ದು, ಎಳೆತ ಹೆಚ್ಚಾದಾಗ ಒಂದೇ ಒಂದು ಗೇರ್ ಹಾರಿದರೆ ಮಾತ್ರ ಅನುಮಾನ ಒಳಗಿನ ಫೋರ್ಕ್ ಮತ್ತು ಡಾಗ್‌ಗಳ ಮೇಲೆ ಹೋಗಬೇಕು. ಒಂದೇ ಫೋರ್ಕ್ ಸರಿಸುವ ಎರಡು ಗೇರುಗಳೂ ತೊಂದರೆ ಕೊಟ್ಟರೆ ಆ ಫೋರ್ಕಿನ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಇಷ್ಟು ತಿಳಿಯಲು ಒಂದು ಸ್ಪ್ಯಾನರೂ ಬೇಕಿಲ್ಲ.

ಲಿವರ್, ಕ್ಲಚ್, ಎಣ್ಣೆ

ಹೊರಗಿನದು ಲಿವರ್. ಬಿದ್ದ ಬೈಕಿನಲ್ಲಿ ಇದು ಒಳಕ್ಕೆ ಬಾಗಿ ಕೇಸಿಂಗಿಗೆ ತಾಗುತ್ತಿರಬಹುದು. ಲಿವರ್ ಕೂರುವ ಶಾಫ್ಟಿನ ಸಣ್ಣ ಹಲ್ಲುಗಳು ಸವೆದು, ಒತ್ತಿದ್ದರಲ್ಲಿ ಅರ್ಧ ಅಲ್ಲೇ ಪೋಲಾಗುತ್ತಿರಬಹುದು. ಸವಾರನ ಬೂಟಿಗೆ ಲಿವರಿನ ಎತ್ತರ ಹೊಂದದಿದ್ದರೂ ಒದೆತ ಪೂರ್ತಿಯಾಗುವುದಿಲ್ಲ. ಒಂದು ಹಲ್ಲು ಮೇಲೆ ಏರಿಸಿ ಕೂರಿಸಿದರೆ ಸಾಕು, ಎಷ್ಟೋ ‘ಗೇರ್ ದೋಷ’ಗಳು ಮಾಯವಾಗುತ್ತವೆ. ಮುಂದಿನ ಸ್ಪ್ರಾಕೆಟ್ ಕವರಿನೊಳಗೆ ಕಟ್ಟಿಕೊಂಡು ಒಣಗಿದ ಕೆಸರನ್ನೂ ಕೆರೆದು ತೆಗೆಯಿರಿ.

ಇನ್ನೊಂದು ಮಾತು: ಆ ಕಾಲದ ಎಲ್ಲ ಬೈಕುಗಳ ಗೇರೂ ಎಡಗಾಲಿಗಿರಲಿಲ್ಲ. ನಮ್ಮ ಹಳೆಯ ಬುಲೆಟ್ಟಿನ ಹಾಗೆ ಬಿಎಸ್‌ಎ ಬೈಕಿಗೂ ಸ್ಪೇನಿನ ಆರಂಭದ ಬುಲ್ಟಾಕೊ ಪುರ್ಸಾಂಗ್‌ಗೂ ಗೇರ್ ಬಲಗಡೆ. ಅಭ್ಯಾಸವಿಲ್ಲದ ಕಾಲು ಅರ್ಧಂಬರ್ಧ ಒದ್ದು ಯಂತ್ರದ ಮೇಲೆ ತಪ್ಪು ಹೊರಿಸುವುದುಂಟು.

ಲಿವರ್ ಸರಿಯಿದ್ದರೆ ಮುಂದಿನ ಸರದಿ ಕ್ಲಚ್ಚಿನದು. ಹತ್ತಾರು ವರ್ಷ ನಿಂತ ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಹಳೆಯ ಎಣ್ಣೆಯ ಅಂಟಿಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಹ್ಯಾಂಡಲ್ ಎಳೆದರೂ ಅವು ಬೇರೆಯಾಗದೆ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಡಾಗ್‌ಗಳಿಗೆ ಗೂಡು ಸೇರುವ ಬಿಡುವೇ ಸಿಗುವುದಿಲ್ಲ. ಮೊದಲು ಕೇಬಲ್ ನೋಡಿ. ಒಳತಂತಿ ಎಳೆ ಬಿಟ್ಟಿದೆಯೇ, ಹೊರಕವಚ ಕುಗ್ಗುತ್ತಿದೆಯೇ ಗಮನಿಸಿ. ಹ್ಯಾಂಡಲಿನ ಬುಡದಲ್ಲಿ 2ರಿಂದ 3 ಮಿ.ಮೀ. ಸಡಿಲವಿದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡದು, ಸಡಿಲವೇ ಇಲ್ಲದಿದ್ದರೆ ಪೂರ್ತಿ ಹಿಡಿಯದು.

ಅಷ್ಟಕ್ಕೂ ಸರಿಹೋಗದಿದ್ದರೆ ಕ್ಲಚ್ ಕವರ್ ತೆಗೆಯಿರಿ. ಉಕ್ಕಿನ ಪ್ಲೇಟುಗಳನ್ನು ಒಂದೊಂದಾಗಿ ದಪ್ಪ ಗಾಜಿನ ಮೇಲಿಟ್ಟು ಅಂಚಿನಡಿ ಫೀಲರ್ ಗೇಜ್ ತೂರಿಸಿ ನೋಡಿ. 0.2 ಮಿ.ಮೀ. ಗೇಜ್ ಸಲೀಸಾಗಿ ತೂರಿದರೆ ಆ ಪ್ಲೇಟ್ ಸೊಟ್ಟಗಾಗಿದೆ ಎಂದು ತಿಳಿದು ಆ ಬೈಕಿನ ಮ್ಯಾನ್ಯುಯಲ್ ಕೊಡುವ ಮಿತಿಯೊಂದಿಗೆ ಹೋಲಿಸಿ. ಪ್ಲೇಟುಗಳ ಕಿವಿಗಳು ಕೂರುವ ಕ್ಲಚ್ ಹೌಸಿಂಗಿನ ಬೆರಳುಗಳ ಮೇಲೆ ಕೈಯಾಡಿಸಿ. ಅಲ್ಲಿ ಕಚ್ಚುಗಳಾಗಿದ್ದರೆ ಪ್ಲೇಟುಗಳು ಅವುಗಳಲ್ಲಿ ಸಿಕ್ಕಿಕೊಂಡು ಜಾರುವುದಿಲ್ಲ. ಆಳವಿಲ್ಲದ ಕಚ್ಚನ್ನು ಚಪ್ಪಟೆ ಅರದಿಂದ ನಯ ಮಾಡಬಹುದು, ಆಳವಾಗಿದ್ದರೆ ಹೌಸಿಂಗ್ ಬದಲಿಸುವುದೇ ಸರಿ. ಸ್ಪ್ರಿಂಗುಗಳ ಉದ್ದ ಒಂದೇ ಆಗಿರಬೇಕು, ಇಲ್ಲದಿದ್ದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಏಳುತ್ತದೆ. ಪುಶ್ ರಾಡಿನ ತುದಿ ಜಜ್ಜಿ ಹೋಗಿದೆಯೇ, ನಡುವಿನ ಉಕ್ಕಿನ ಗುಂಡು ಇದೆಯೇ ಎಂದೂ ನೋಡಿ. ಯಾರೋ ಹಿಂದೆ ಬಿಚ್ಚಿದವರು ಆ ಗುಂಡನ್ನು ಮರಳಿ ಹಾಕದೇ ಇದ್ದಿರಬಹುದು.

ಟೂ ಸ್ಟ್ರೋಕ್ ಬೈಕಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಜೊತೆ ಹೋಗುವ ಎಣ್ಣೆಯೇ ಬೇರೆ, ಗೇರ್‌ಬಾಕ್ಸಿನ ಎಣ್ಣೆಯೇ ಬೇರೆ. ಗೇರುಗಳೂ ಕ್ಲಚ್ಚೂ ಒಂದೇ ಎಣ್ಣೆಯಲ್ಲಿ ಮುಳುಗಿರುವ ಬೈಕಿಗೆ ಜಾಸೊ ಎಂಎ ಗುರುತಿರುವ ಮೋಟಾರ್‌ಸೈಕಲ್ ಎಣ್ಣೆ ಹೊಂದುತ್ತದೆ. ಕಾರಿಗಾಗಿ ತಯಾರಾದ, ಜಾರುವಿಕೆ ಹೆಚ್ಚಿಸುವ ಎಣ್ಣೆ ಹಾಕಿದರೆ ಕ್ಲಚ್ ಜಾರುತ್ತದೆ. ತೀರ ಮಂದದ ಎಣ್ಣೆ ಹಾಕಿದರೆ ಚಳಿಯ ಬೆಳಿಗ್ಗೆ ಪ್ಲೇಟುಗಳು ಅಂಟಿಕೊಳ್ಳುತ್ತವೆ. ಗಂಧಕದ ಸೇರ್ಪಡೆ ಹೆಚ್ಚಿರುವ ಕೆಲವು ಗೇರ್ ಎಣ್ಣೆಗಳು ಕಂಚಿನ ಬುಷ್‌ಗಳನ್ನು ತಿನ್ನಬಲ್ಲವು.

ಹಳೆಯ ಎಣ್ಣೆಯನ್ನು ಚೆಲ್ಲುವ ಮೊದಲು ಅದನ್ನು ಬಿಳಿಯ ತಟ್ಟೆಗೆ ಸುರಿದು ಬೆಳಕಿಗೆ ಹಿಡಿಯಿರಿ. ಕಪ್ಪು ನುಣುಪು ಪುಡಿ ಇದ್ದರೆ ಅದು ಕ್ಲಚ್ ಸವೆತ, ಸಹಜ. ಹೊಂಬಣ್ಣದ ಮಿನುಗು ಕಂಡರೆ ಬುಷ್ ಸವೆಯುತ್ತಿದೆ. ಆಯಸ್ಕಾಂತಕ್ಕೆ ಚೂಪಾದ ಉಕ್ಕಿನ ಚೂರು ಅಂಟಿದರೆ ಗೇರೋ ಡಾಗೋ ಒಡೆದಿದೆ. ಇಂಜಿನ್ ಇಳಿಸಲು ಇದು ನಿಜವಾದ ಕಾರಣ.

ಕವರಿನ ಹಿಂದೆ

ಇನ್ನೂ ಕೇಸಿಂಗ್ ಬಿಚ್ಚುವ ಕಾಲ ಬಂದಿಲ್ಲ. ಬಹುತೇಕ ಬೈಕುಗಳಲ್ಲಿ ಗೇರ್ ಶಾಫ್ಟು, ಕೊಕ್ಕೆ, ನಕ್ಷತ್ರದ ಬಿಲ್ಲೆ, ರೋಲರುಗಳು ಪಕ್ಕದ ಕವರಿನ ಹಿಂದೆಯೇ ಇರುತ್ತವೆ. ಅಲ್ಲಿಗೆ ತಲುಪಲು ಕೆಲವು ಇಂಜಿನ್ನುಗಳಲ್ಲಿ ಕ್ಲಚ್ ತೆಗೆಯಬೇಕಾಗುತ್ತದೆ. ಜಪಾನಿನ ಬೈಕಿನ ಕವರ್ ಸ್ಕ್ರೂಗಳು ನಮ್ಮ ಸ್ಟಾರ್ ಸ್ಕ್ರೂಗಳಂತೆ ಕಂಡರೂ ಅವುಗಳ ಅಳತೆ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತುಹೋಗುತ್ತದೆ. ಜಪಾನಿ ಅಳತೆಯ ಬಿಟ್ ತಂದು ಇಂಪ್ಯಾಕ್ಟ್ ಡ್ರೈವರಿನಿಂದ ಬಿಚ್ಚಿ.

ಗೇರ್ ಶಾಫ್ಟನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗು ಕಣ್ಣಿಗೇ ಕಾಣುತ್ತದೆ. ಬಾಗಿದ ಶಾಫ್ಟ್ ಆಯಿಲ್ ಸೀಲನ್ನೂ ತಿಂದಿರುತ್ತದೆ. ಹಾಗಾಗಿ ಲಿವರಿನ ಬುಡದಲ್ಲಿ ಎಣ್ಣೆ ಜಿನುಗುತ್ತಿದ್ದರೆ ಅದನ್ನೂ ಒಂದು ಸಾಕ್ಷಿಯೆಂದು ಎಣಿಸಿ. ರೋಲರಿನ ಸ್ಪ್ರಿಂಗ್ ಸೋತಿದ್ದರೆ ಡ್ರಮ್ ತನ್ನ ಹೆಜ್ಜೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಎರಡು ಗೇರುಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗುತ್ತದೆ. ಈ ಸ್ಪ್ರಿಂಗ್ ಅಗ್ಗದ ಸಾಮಾನು, ಅದರಿಂದಾಗುವ ತೊಂದರೆ ಮಾತ್ರ ದುಬಾರಿ. ಯಮಾಹಾ ಡಿಟಿ-1ರಂಥ ಬೈಕುಗಳಲ್ಲಿ ಲಿವರಿನ ನಡುಮಟ್ಟವನ್ನು ಹೊಂದಿಸಲು ಒಂದು ಓರೆನಡುವಿನ (ಎಕ್ಸೆಂಟ್ರಿಕ್) ಸ್ಕ್ರೂ ಇದೆ. ಕೊಕ್ಕೆಗೂ ಡ್ರಮ್ಮಿನ ಗೂಟಗಳಿಗೂ ನಡುವಿನ ಸಂದು ಎರಡೂ ಕಡೆ ಸಮನಾಗುವಂತೆ ಅದನ್ನು ತಿರುಗಿಸಬೇಕು. ಈ ಸಮತೂಕ ತಪ್ಪಿದರೆ ಗೇರ್ ಏರಿಸುವಾಗ ಸಲೀಸು, ಇಳಿಸುವಾಗ ಕಷ್ಟ. ಅಥವಾ ಅದರ ತಿರುವುಮುರುವು. ಒಂದೇ ದಿಕ್ಕಿನಲ್ಲಿ ತೊಂದರೆ ಕಂಡರೆ ಮೊದಲು ಇಲ್ಲಿ ನೋಡಿ.

ಕೇಸಿಂಗ್ ಬಿಚ್ಚಲೇಬೇಕಾದರೆ

ಮೇಲಿನದೆಲ್ಲ ಸರಿಯಿದ್ದೂ ಎಳೆತಕ್ಕೆ ಗೇರ್ ಹಾರುತ್ತಿದ್ದರೆ ಇಂಜಿನ್ ಇಳಿಸಬೇಕಾದದ್ದೇ. ಕೇಸಿಂಗಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಮುಖದ ಮೇಲಿನ ಒಂದು ಗೀರು ಸಾಕು, ಜನ್ಮವಿಡೀ ಎಣ್ಣೆ ಸೋರುತ್ತದೆ. ತಕ್ಕ ಪುಲ್ಲರ್ ಬಳಸಿ. ಪ್ರತಿ ವಾಷರ್, ಪ್ರತಿ ಸರ್ಕ್ಲಿಪ್ ಬಿಚ್ಚುವ ಮುನ್ನ ಫೋಟೊ ತೆಗೆಯಿರಿ, ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ.

ಒಳಗೆ ಕಾಣುವುದು ಹೀಗಿರುತ್ತದೆ: ಡಾಗ್‌ಗಳ ಚೌಕ ಅಂಚು ಸವೆದು ದುಂಡಗಾಗಿದೆ. ಅಗಳಿ ಅರ್ಧ ಮಾತ್ರ ಸೇರಿದ ಬಾಗಿಲು ಗಾಳಿಗೆ ತೆರೆದುಕೊಳ್ಳುವ ಹಾಗೆ, ದುಂಡಂಚಿನ ಡಾಗ್ ಎಳೆತ ಬಿದ್ದೊಡನೆ ಗೂಡಿನಿಂದ ಜಾರಿ ಹೊರಬರುತ್ತದೆ. ಇದನ್ನು ಕಂಡವರು ಗೇರ್ ಬದಲಿಸಿ ಮುಚ್ಚಿಬಿಡುತ್ತಾರೆ. ಕೆಲವೇ ಓಟಗಳಲ್ಲಿ ಹೊಸ ಗೇರೂ ಹಾಗೆಯೇ ಆಗುತ್ತದೆ. ಏಕೆಂದರೆ ದುಂಡಗಾದ ಡಾಗ್ ಬಹಳ ಸಲ ಪರಿಣಾಮ. ಕಾರಣ ಬೇರೆ ಕಡೆ ಇರುತ್ತದೆ. ಫೋರ್ಕ್ ಬಾಗಿದ್ದರೆ ಅಥವಾ ಅದರ ತುದಿ ಸವೆದು ತೆಳುವಾಗಿದ್ದರೆ ಗೇರ್ ಪೂರ್ತಿ ಸರಿಯುವುದಿಲ್ಲ, ಡಾಗ್ ಅರ್ಧ ಮಾತ್ರ ಸೇರುತ್ತದೆ, ಅರ್ಧ ಸೇರಿದ್ದಕ್ಕೇ ಅಂಚು ಸವೆಯುತ್ತದೆ. ಫೋರ್ಕಿನ ತುದಿ ನೀಲಿಗಟ್ಟಿದ್ದರೆ ಅದು ಉಜ್ಜಿ ಕಾದದ್ದರ ಗುರುತು. ಕ್ಯಾಲಿಪರಿನಿಂದ ದಪ್ಪ ಅಳೆಯಿರಿ. ಡ್ರಮ್ಮಿನ ತೋಡಿನ ತಿರುವುಗಳು ಅಗಲವಾಗಿವೆಯೇ, ಶಾಫ್ಟುಗಳ ಪಕ್ಕದ ಆಟ ಮಿತಿಯೊಳಗಿದೆಯೇ ನೋಡಿ. ಹಿಂದೆ ಯಾರೋ ಒಂದು ವಾಷರ್ ಬಿಟ್ಟಿದ್ದರೂ, ತಪ್ಪು ದಪ್ಪದ ಪ್ಯಾಕಿಂಗ್ ಹಾಕಿದ್ದರೂ ಇಡೀ ಲೆಕ್ಕ ತಪ್ಪುತ್ತದೆ.

ಹೊಸ ಗೇರ್ ಸಿಗದ ಬೈಕುಗಳಿಗೆ ಒಂದು ಪರಿಹಾರವಿದೆ. ಡಾಗ್‌ಗಳ ಬಲ ಬೀಳುವ ಮುಖವನ್ನು ಕೆಲವೇ ಡಿಗ್ರಿ ಒಳಕ್ಕೆ ಓರೆಯಾಗಿ ಮಸೆದರೆ ಎಳೆತ ಹೆಚ್ಚಿದಷ್ಟೂ ಎರಡು ಗೇರುಗಳು ಒಂದನ್ನೊಂದು ಸೆಳೆದುಕೊಳ್ಳುತ್ತವೆ. ಆದರೆ ಇದು ನುರಿತ ಗ್ರೈಂಡಿಂಗ್ ಕೆಲಸಗಾರರಿಂದಲೇ ಆಗಬೇಕು. ಎಲ್ಲ ಡಾಗ್‌ಗಳ ಕೋನವೂ ಆಳವೂ ಒಂದೇ ಇರದಿದ್ದರೆ ಬಲವೆಲ್ಲ ಒಂದರ ಮೇಲೆಯೇ ಬಿದ್ದು ಅದು ಮುರಿಯುತ್ತದೆ. ಗೇರಿನ ಮೇಲ್ಪದರ ಮಾತ್ರ ಗಡಸು ಮಾಡಿದ ಉಕ್ಕು, ಅದನ್ನು ದಾಟಿ ಮಸೆದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತದೆ. ವೆಲ್ಡಿಂಗ್ ಹಾಕಿ ಡಾಗ್ ತುಂಬಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಆ ಶಾಖಕ್ಕೆ ಗಡಸುತನವೇ ಹೋಗುತ್ತದೆ.

ಮರುಜೋಡಣೆಯಲ್ಲಿ ಹಳೆಯ ಸರ್ಕ್ಲಿಪ್ಪುಗಳನ್ನು ಮತ್ತೆ ಬಳಸಬೇಡಿ. ಹೊಸದರ ದುಂಡಂಚು ಒತ್ತಡ ಬರುವ ಕಡೆಗೆ, ಚೂಪಂಚು ಅದರ ವಿರುದ್ಧಕ್ಕೆ ಇರಬೇಕು. ಕೇಸಿಂಗ್ ಮುಚ್ಚಿದ ಕೂಡಲೇ, ಕ್ಲಚ್ ಕೂರಿಸುವ ಮೊದಲೇ, ಡ್ರಮ್ಮನ್ನು ಕೈಯಿಂದ ತಿರುಗಿಸಿ ಎಲ್ಲ ಗೇರುಗಳೂ ಬೀಳುತ್ತವೆಯೇ ಪರೀಕ್ಷಿಸಿ.

ಮೈಸೂರಿನ ಕೈಗಳು

ಕರ್ನಾಟಕಕ್ಕೆ ಈ ಕಥೆಯಲ್ಲಿ ನಿಜವಾದ ಪಾಲಿದೆ. ಸೀಜೆಡ್‌ನ ಒಡಹುಟ್ಟಾದ ಜಾವಾ ಬೈಕುಗಳು 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದವು. ಮುಂದೆ ಯೆಜ್ಡಿ ಎಂಬ ಹೆಸರು ಹೊತ್ತು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹೊರಬಂದವು. ಜಾವಾ ಮತ್ತು ಹಳೆಯ ಯೆಜ್ಡಿಯ ಗೇರ್ ಲಿವರೇ ಕಿಕ್ಕರ್ ಕೂಡ. ಅಷ್ಟೇ ಅಲ್ಲ, ಆ ಲಿವರನ್ನು ಕಾಲಿನಿಂದ ಒತ್ತಿದಾಗ ಒಳಗಿನ ಕ್ಯಾಮ್ ಕ್ಲಚ್ಚನ್ನೂ ಬಿಡಿಸುತ್ತದೆ. ಈ ಏರ್ಪಾಡೇ ದೋಷ ಹುಡುಕಲು ಒಳ್ಳೆಯ ದಾರಿ ತೋರುತ್ತದೆ: ಕೈಯಿಂದ ಕ್ಲಚ್ ಹಿಡಿದಾಗ ಗೇರ್ ನುಣ್ಣಗೆ ಬಿದ್ದು, ಬರಿಯ ಕಾಲಿನಿಂದ ಒತ್ತಿದಾಗ ಬಿಗಿಯಾದರೆ ಗೇರ್‌ಬಾಕ್ಸ್ ನಿರಪರಾಧಿ, ಕ್ಯಾಮಿನ ಹೊಂದಾಣಿಕೆ ತಪ್ಪಿದೆ.

ಮೈಸೂರು, ಬೆಂಗಳೂರುಗಳ ಹಿರಿಯ ಯೆಜ್ಡಿ ಮೆಕ್ಯಾನಿಕ್ಕುಗಳಿಗೆ ಇದು ಬಾಯಿಪಾಠ. ಇಂಜಿನ್ ಸದ್ದು ಕೇಳಿ, ಲಿವರಿನ ಮೇಲೆ ಕಾಲಿಟ್ಟು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ದೋಷ ಹೇಳುವ ಈ ಜಾಣ್ಮೆ ಯಾವ ಮ್ಯಾನ್ಯುಯಲ್‌ನಲ್ಲೂ ಪೂರ್ತಿ ಸಿಗದು. ಇದನ್ನು ಕಲಿಯಲು ಇನ್ನೂ ಸಮಯವಿದೆ. ಮಣ್ಣಿನ ಓಟದ ಹುಚ್ಚಿರುವ ಹುಡುಗ ಹುಡುಗಿಯರು ಒಂದು ರಜೆಯನ್ನಾದರೂ ಅಂಥ ಗ್ಯಾರೇಜಿನಲ್ಲಿ ಕಳೆಯಬೇಕು, ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡಬೇಕು.

ಹಳೆಯ ಯಂತ್ರದ ಮಟ್ಟಿಗೆ ಬಿಚ್ಚುವುದೂ ಒಂದು ಸವೆತವೇ. ಪ್ರತಿ ಸಲ ಕೇಸಿಂಗ್ ತೆರೆದಾಗ ಒಂದು ಥ್ರೆಡ್ ಸಡಿಲವಾಗುತ್ತದೆ, ಬೇರಿಂಗಿನ ಗೂಡು ಕೂದಲೆಳೆಯಷ್ಟು ಹಿಗ್ಗುತ್ತದೆ, ಎಲ್ಲೂ ಸಿಗದ ಒಂದು ಸಾಮಾನು ಕಳೆದುಹೋಗುವ ಅಪಾಯವಿರುತ್ತದೆ. 1960ರ ದಶಕದ ಸೀಜೆಡ್ ಆಗಲಿ, 1973ರ ಎಲ್ಸಿನೋರ್ ಆಗಲಿ, ಇನ್ನು ಮುಂದೆ ಹೊಸದಾಗಿ ಹುಟ್ಟುವುದಿಲ್ಲ. ಲಕ್ಷಣ ಓದಿ, ಕಾರಣ ಹುಡುಕಿ, ಬೇಕಾದಷ್ಟನ್ನೇ ಬಿಚ್ಚುವವರ ಕೈಗೆ ಸಿಕ್ಕರೆ ಈ ಬೈಕುಗಳು ಇನ್ನೊಂದು ತಲೆಮಾರಿಗೂ ಮಣ್ಣಿನಲ್ಲಿ ಓಡುತ್ತವೆ.